ಯೂನಿವರ್ಸಿಟಿ ಮ್ಯೂಸಿಯಂನಲ್ಲಿ ಮಾಡರ್ನ್ ಆರ್ಟ್ ಕ್ಯುರೇಟರ್ ಅಂದರೆ ದಿನವಿಡೀ ಏನು ಕೆಲಸ?

ಬಣ್ಣದ_ಡಬ್ಬಿ

ಎಲ್ಲರಿಗೂ ನಮಸ್ಕಾರ. ಬಿವಿಎ (ದೃಶ್ಯಕಲೆಯ ಪದವಿ) ಮುಗಿಸಿ ಒಂದು ವರ್ಷ ಆಯಿತು. ನನ್ನ ವಿಷಯ ಪ್ರಿಂಟ್‌ಮೇಕಿಂಗ್, ಅಂದರೆ ಅಚ್ಚು ಮಾಡಿ ಅದರಿಂದ ಚಿತ್ರ ಒತ್ತುವುದು. ಸದ್ಯಕ್ಕೆ ಓದಿದ ಕಾಲೇಜಿನಲ್ಲೇ ವಾರಕ್ಕೆ ಮೂರು ದಿನ ಪಾಠ ಮಾಡುತ್ತೇನೆ. ನಾನು ಚಿತ್ರ ಮಾಡುವುದಕ್ಕಿಂತ ಬೇರೆಯವರ ಚಿತ್ರ ನೋಡಿ, ಜೋಡಿಸಿ, ಅದರ ಬಗ್ಗೆ ಮಾತಾಡುವುದರಲ್ಲೇ ನನಗೆ ಜಾಸ್ತಿ ಖುಷಿ ಅಂತ ಈಗೀಗ ಗೊತ್ತಾಗುತ್ತಿದೆ.

ಹೊರದೇಶದ ಯೂನಿವರ್ಸಿಟಿಗಳಲ್ಲಿ ಅವರದೇ ಮ್ಯೂಸಿಯಂ ಇರುತ್ತದಂತೆ, ಅದಕ್ಕೆ ಮಾಡರ್ನ್ ಮತ್ತು ಕಂಟೆಂಪರರಿ ಕಲೆಗೇ ಬೇರೆ ಕ್ಯುರೇಟರ್ ಇರುತ್ತಾರಂತೆ. ಅವರು ನಿಜವಾಗಿ ಏನು ಮಾಡುತ್ತಾರೆ? ವರ್ಷಕ್ಕೆ ಎರಡು ಪ್ರದರ್ಶನ ಅಂದರೆ ಉಳಿದ ದಿನ ಏನು ಕೆಲಸ? ಮನೆಯಲ್ಲಿ "ಮ್ಯೂಸಿಯಂನಲ್ಲಿ ಧೂಳು ಒರೆಸೋಕೆ ಓದಿಸಬೇಕಾ" ಅಂತ ಕೇಳಿದರು. ಉತ್ತರ ಕೊಡಲು ಆಗಲಿಲ್ಲ.

ನಾಲ್ಕನೇ_ಮಹಡಿ

ಅಮೆರಿಕದ ಒಂದು ಯೂನಿವರ್ಸಿಟಿ ಮ್ಯೂಸಿಯಂನಲ್ಲಿ ನನ್ನದು ಇದೇ ಕೆಲಸ. ಹನ್ನೊಂದು ವರ್ಷ ಆಯಿತು. ಊರು ಸಾಗರದ ಹತ್ತಿರ. ನನ್ನ ಹೆಸರೂ ಬೇಡ, ಯೂನಿವರ್ಸಿಟಿ ಹೆಸರೂ ಬೇಡ.

ಊರಲ್ಲಿ ಯಾರಾದರೂ ಕೇಳಿದರೆ ನಮ್ಮಮ್ಮ ಇವತ್ತಿಗೂ "ಮಗಳು ಮ್ಯೂಸಿಯಂನಲ್ಲಿ ಟೀಚರ್" ಎನ್ನುತ್ತಾರೆ. ಮೊದಲು ತಿದ್ದುತ್ತಿದ್ದೆ. ಈಗ ಬಿಟ್ಟಿದ್ದೇನೆ, ಅರ್ಧ ಸರಿಯಾಗಿಯೇ ಇದೆ. ಇನ್ನರ್ಧಕ್ಕೆ ಮದುವೆಮನೆಯ ಉಗ್ರಾಣಿಯನ್ನು ನೆನಪಿಸಿಕೊಳ್ಳಿ. ಒಳಗೆ ಏನಿದೆ, ಎಷ್ಟಿದೆ, ಯಾವ ಪಾತ್ರೆ ಯಾರ ಮನೆಯದು, ಯಾವುದರ ತಳ ಸೋರುತ್ತದೆ, ಎಲ್ಲ ಅವನ ತಲೆಯಲ್ಲಿರುತ್ತದೆ. ಕೇಳಿದವರಿಗೆ ಕೇಳಿದ ಹೊತ್ತಿಗೆ ತೆಗೆದುಕೊಡಬೇಕು, ಸಂಜೆ ಎಣಿಸಿ ಒಳಗಿಡಬೇಕು. ಹೊಗಳಿಕೆ ಎಲ್ಲ ಅಡುಗೆಯವರಿಗೆ.

ಪ್ರದರ್ಶನ ಅನ್ನುವುದು ಹೊರಗಿನವರಿಗೆ ಕಾಣುವ ಭಾಗ ಅಷ್ಟೇ. ಒಂದು ದೊಡ್ಡ ಪ್ರದರ್ಶನಕ್ಕೆ ಎರಡು ಮೂರು ವರ್ಷ ಮೊದಲೇ ಓಡಾಟ ಶುರುವಾಗುತ್ತದೆ. ನಿಮ್ಮ ಕೃತಿಗಳನ್ನು ಪ್ರದರ್ಶನಕ್ಕೆ ಸಾಲವಾಗಿ ಕೊಡಿ ಅಂತ ಬೇರೆ ಮ್ಯೂಸಿಯಂಗಳಿಗೆ ಪತ್ರ ಬರೆಯಬೇಕು. ಅವರು ನಮ್ಮ ಕಟ್ಟಡದ ತೇವಾಂಶ, ಬೆಳಕು, ಕಾವಲು, ಬೆಂಕಿ ಆರಿಸುವ ವ್ಯವಸ್ಥೆ ಎಲ್ಲ ಕೇಳುತ್ತಾರೆ. ವಿಮೆ, ಲಾರಿ, ಪೆಟ್ಟಿಗೆ, ಫೋಟೋ ಹಕ್ಕು. ಆಮೇಲೆ ಗೋಡೆಯ ಮೇಲಿನ ಆ ಪುಟ್ಟ ಲೇಬಲ್. ಅಷ್ಟು ಸಾಲಿಗೆ ಆರು ಜನ ತಿದ್ದುಪಡಿ ಹಾಕುತ್ತಾರೆ.

ಆದರೆ ನನ್ನ ಸಮಯ ಜಾಸ್ತಿ ಹೋಗುವುದು ನಾಲ್ಕನೇ ಮಹಡಿಯ ಸ್ಟಡಿ ರೂಮಿನಲ್ಲಿ. ಅಲ್ಲಿ ಉದ್ದನೆಯ ಒಂದು ಮೇಜು ಇದೆ. ಯಾವ ವಿಭಾಗದ ಮೇಷ್ಟ್ರಾದರೂ ಎರಡು ವಾರ ಮೊದಲು ಹೇಳಿದರೆ ಅವರ ಪಾಠಕ್ಕೆ ಹೊಂದುವ ಕೃತಿಗಳನ್ನು ಉಗ್ರಾಣದಿಂದ ತಂದು ಜೋಡಿಸುತ್ತೇವೆ. ಗಾಜು ಇಲ್ಲ, ಹಗ್ಗದ ಬೇಲಿ ಇಲ್ಲ. ಕೈ ತೊಳೆದು ಪೂರ್ತಿ ಒರೆಸಿಕೊಂಡಿರಬೇಕು, ಪೆನ್ನು ಹೊರಗೆ, ಪೆನ್ಸಿಲ್ ಮಾತ್ರ ಒಳಗೆ.

ಒಂದು ಪ್ರಸಂಗ ಹೇಳುತ್ತೇನೆ. ನರ್ಸಿಂಗ್ ವಿದ್ಯಾರ್ಥಿಗಳ ಒಂದು ತಂಡ ಬಂದಿತ್ತು. ಹದಿನಾಲ್ಕು ಜನ. ಪೆಟ್ಟಿಗೆ ತೆರೆದು, ಮೇಲಿನ ತೆಳು ಕಾಗದ ಸರಿಸಿ, ಒಬ್ಬ ಮುದುಕಿಯ ಮರದಚ್ಚಿನ ಚಿತ್ರ ಇಟ್ಟೆ. ಅವಳು ಎರಡೂ ಕೈ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಾಳೆ. ಹತ್ತು ನಿಮಿಷ ಯಾರೂ ಮಾತಾಡಬೇಡಿ, ಸುಮ್ನೆ ನೋಡಿ ಎಂದೆ. ಮೊದಲ ಮೂರು ನಿಮಿಷ ಕಷ್ಟ. ಕೆಮ್ಮು, ಕುರ್ಚಿ ಎಳೆಯುವ ಸದ್ದು. ಆಮೇಲೆ ರೂಮು ತಣ್ಣಗಾಯಿತು. ಹತ್ತು ನಿಮಿಷ ಆದ ಮೇಲೆ ಮೂಲೆಯಲ್ಲಿದ್ದ ಒಬ್ಬ ಹುಡುಗ ಹೇಳಿದ, "ಇವಳ ಉಂಗುರ ಇನ್ನು ಬೆರಳಿನಿಂದ ಬರುವುದಿಲ್ಲ. ಬೆರಳು ಊದಿಕೊಂಡಿದೆ. ಕತ್ತರಿಸಿಯೇ ತೆಗೆಯಬೇಕು."

ಆ ಚಿತ್ರಕ್ಕೆ ಲೇಬಲ್ ಬರೆದವಳು ನಾನೇ. ಅದರಲ್ಲಿ ಉಂಗುರ ಇದೆ ಅನ್ನುವುದೇ ನನಗೆ ಗೊತ್ತಿರಲಿಲ್ಲ.

ಇದನ್ನು ನಾವು ಕಂಡುಹಿಡಿದದ್ದೇನೂ ಅಲ್ಲ. ಯೇಲ್ ಯೂನಿವರ್ಸಿಟಿಯಲ್ಲಿ ಚರ್ಮರೋಗದ ಒಬ್ಬ ಪ್ರಾಧ್ಯಾಪಕರು ಮತ್ತು ಅಲ್ಲಿನ ಬ್ರಿಟಿಷ್ ಆರ್ಟ್ ಸೆಂಟರಿನವರು ಸೇರಿ ಮೊದಲ ವರ್ಷದ ಮೆಡಿಕಲ್ ವಿದ್ಯಾರ್ಥಿಗಳನ್ನು ಚಿತ್ರಗಳ ಮುಂದೆ ನಿಲ್ಲಿಸಲು ಶುರು ಮಾಡಿದರು. ಕಂಡದ್ದನ್ನು ಮೊದಲು ಹೇಳಿ, ಅರ್ಥ ಆಮೇಲೆ, ಅನ್ನುವುದು ಪದ್ಧತಿ. ಹಾಗೆ ಕಲಿತವರು ರೋಗಿಗಳ ಫೋಟೋದಲ್ಲೂ ಹೆಚ್ಚು ವಿವರ ಗುರುತಿಸಿದರು ಅಂತ 2001ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂತು. ಈಗ ಬಹಳ ಕಡೆ ಇದು ನಡೆಯುತ್ತದೆ.

ಧೂಳು ನಾನು ಒರೆಸುವುದಿಲ್ಲ. ಅದಕ್ಕೆ ತರಬೇತಿ ಪಡೆದವರು ಬೇರೆ ಇದ್ದಾರೆ, ನನಗೆ ಮುಟ್ಟಲೂ ಬಿಡುವುದಿಲ್ಲ. ಇದನ್ನು ಮನೆಯಲ್ಲಿ ಹೇಳಿ.

ಖಾರಾಬಾತ್

ಮಾಡರ್ನ್ ಅಂದರೆ ಗೋಡೆಗೆ ಬಾಳೆಹಣ್ಣು ಅಂಟಿಸಿ 62 ಲಕ್ಷ ಡಾಲರಿಗೆ ಮಾರಿದರಲ್ಲ, ಅದೇ ತಾನೇ? ಅದರ ಉಗ್ರಾಣ ಹೇಗೆ ಮೇಡಂ, ಫ್ರಿಜ್ಜಾ? 😄

ನಾಲ್ಕನೇ_ಮಹಡಿ

ನಗಬೇಡಿ, ಅದೇ ನಮ್ಮ ದಿನನಿತ್ಯದ ತಲೆನೋವು. ಹಣ್ಣು ಕೊಳೆಯುತ್ತದೆ. ಕೊಂಡವರಿಗೆ ಸಿಕ್ಕಿದ್ದು ಒಂದು ಪ್ರಮಾಣಪತ್ರ ಮತ್ತು ಹೇಗೆ ಅಂಟಿಸಬೇಕು ಅನ್ನುವ ಸೂಚನೆ. ಈ ಥರದ ಕೃತಿಯಲ್ಲಿ ನಾವು ಕಾಪಾಡುವುದು ವಸ್ತುವನ್ನಲ್ಲ, ಕಾಗದವನ್ನು.

ಸಾಲ್ ಲೆವಿಟ್ ಅಂತ ಒಬ್ಬ ಕಲಾವಿದ ಇದ್ದ. ಗೋಡೆಯ ಮೇಲೆ ಗೆರೆ ಎಳೆಯಲು ಸೂಚನೆ ಬರೆದು ಕೊಡುತ್ತಿದ್ದ, ಎಳೆಯುವವರು ಬೇರೆಯವರು. ರಂಗೋಲಿ ಪುಸ್ತಕ ನೋಡಿ ನಿಮ್ಮ ಮನೆ ಮುಂದೆ ನೀವು ಹಾಕಿದ ಹಾಗೆ. ಅವನು 2007ರಲ್ಲಿ ತೀರಿಕೊಂಡ. ಮರುವರ್ಷ ಮ್ಯಾಸಚೂಸೆಟ್ಸ್‌ನ ಮಾಸ್ ಮೋಕಾ ಅನ್ನುವ ಮ್ಯೂಸಿಯಂನಲ್ಲಿ 105 ಗೋಡೆಚಿತ್ರಗಳು ಒಟ್ಟಿಗೆ ಎದ್ದವು. ಯೇಲ್ ಆರ್ಟ್ ಗ್ಯಾಲರಿ ಮತ್ತು ವಿಲಿಯಮ್ಸ್ ಕಾಲೇಜಿನ ಮ್ಯೂಸಿಯಂ ಅದಕ್ಕೆ ಕೈಜೋಡಿಸಿದ್ದವು. ಗೆರೆ ಎಳೆದವರಲ್ಲಿ ಎಷ್ಟೋ ಜನ ವಿದ್ಯಾರ್ಥಿಗಳು. ತಿಂಗಳುಗಟ್ಟಲೆ ಪೆನ್ಸಿಲ್ ಕೆತ್ತಿ ಕೆತ್ತಿ ಎಳೆದರು. ಹಾಗೆ ಎಳೆದ ಹುಡುಗಿಗೆ ನೀವು "ಇದನ್ನು ನಾನೂ ಮಾಡುತ್ತೇನೆ" ಅಂದರೆ ಅವಳು ಹೌದು, ಬನ್ನಿ, ಪೆನ್ಸಿಲ್ ಹಿಡಿಯಿರಿ ಎನ್ನುತ್ತಾಳೆ ಅಷ್ಟೇ.

ಲೆಕ್ಕದ_ಮೇಷ್ಟ್ರು

ನಾನು ಕಾಮರ್ಸ್ ಪಾಠ ಮಾಡಿದವನು, ನೇರವಾಗಿ ಕೇಳುತ್ತೇನೆ. ಯೂನಿವರ್ಸಿಟಿ ಅಂದರೆ ಪಾಠ, ಹಾಸ್ಟೆಲ್, ಸ್ಕಾಲರ್‌ಶಿಪ್. ಉಗ್ರಾಣದಲ್ಲಿ ಕೋಟಿಗಟ್ಟಲೆ ಬೆಲೆಯ ಚಿತ್ರ ಇಟ್ಟುಕೊಂಡು, ಅದನ್ನು ವರ್ಷಕ್ಕೆ ಹದಿನಾಲ್ಕು ಹುಡುಗರಿಗೆ ತೋರಿಸಿ, ಅದಕ್ಕೆ ಏಸಿ, ವಿಮೆ, ಸಂಬಳ. ಒಂದು ಚಿತ್ರ ಮಾರಿದರೆ ಸಾವಿರ ಬಡ ಮಕ್ಕಳು ಓದುತ್ತಾರೆ ಅಲ್ವಾ? ಭಾವನೆ ಬಿಟ್ಟು ಲೆಕ್ಕ ಹೇಳಿ.

ನಾಲ್ಕನೇ_ಮಹಡಿ

ಮೇಷ್ಟ್ರೇ, ಈ ಪ್ರಶ್ನೆ ಅಲ್ಲಿನ ಶಾಸಕರೇ ಕೇಳಿದ್ದಾರೆ.

ಅಯೋವಾ ಯೂನಿವರ್ಸಿಟಿಯ ಸಂಗ್ರಹದಲ್ಲಿ ಅಮೆರಿಕದ ಚಿತ್ರಕಾರ ಜಾಕ್ಸನ್ ಪೊಲಾಕ್ 1943ರಲ್ಲಿ ಮಾಡಿದ 'ಮ್ಯೂರಲ್' ಅನ್ನುವ ಚಿತ್ರ ಇದೆ. ಸುಮಾರು 8 ಅಡಿ ಎತ್ತರ, 20 ಅಡಿ ಅಗಲ. ಕಲಾಸಂಗ್ರಾಹಕಿ ಪೆಗಿ ಗುಗೆನ್‌ಹೈಮ್ ತನ್ನ ನ್ಯೂಯಾರ್ಕ್ ಮನೆಯ ಪಡಸಾಲೆಗೆ ಅಂತ ಮಾಡಿಸಿದ್ದು. ಆಕೆ ಯುರೋಪಿಗೆ ಹೋದ ಮೇಲೆ ಅಷ್ಟು ದೊಡ್ಡದನ್ನು ಇಡಲು ಜಾಗ ಇಲ್ಲದೆ ಯೂನಿವರ್ಸಿಟಿಗೆ ದಾನ ಕೊಟ್ಟಳು. 1951ರಲ್ಲಿ ಅಯೋವಾಕ್ಕೆ ಬಂತು. ಜೋಳದ ಹೊಲಗಳ ನಡುವಿನ ಊರು ಅದು. ದಾನ ತಗೊಂಡವರು ಸಾಗಣೆ ಖರ್ಚು ಕೊಟ್ಟರು ಅಷ್ಟೇ.

2008ರ ಜೂನ್‌ನಲ್ಲಿ ಅಯೋವಾ ನದಿ ಉಕ್ಕಿ ಮ್ಯೂಸಿಯಂಗೆ ನೀರು ನುಗ್ಗಿತು. ನೀರು ಬರುವ ಮೊದಲೇ ಬಹುಪಾಲು ಕೃತಿಗಳನ್ನು ಲಾರಿಗಳಲ್ಲಿ ಹೊರಗೆ ಸಾಗಿಸಿದ್ದರು. ಕೃತಿ ಉಳಿದವು, ಮನೆ ಹೋಯಿತು. ಹಳೆಯ ಕಟ್ಟಡಕ್ಕೆ ವಾಪಸ್ ತಂದರೆ ವಿಮೆ ಇಲ್ಲ ಎಂದರು. ಆಗ ಎದ್ದಿತು ನಿಮ್ಮ ಪ್ರಶ್ನೆ. ಇದರ ಬೆಲೆ ಎಷ್ಟು, ಮಾರಿದರೆ ಎಷ್ಟು ಬರುತ್ತದೆ? 14 ಕೋಟಿ ಡಾಲರ್ ಅಂತ ಒಂದು ಅಂದಾಜು ಓಡಾಡಿತು. 2011ರಲ್ಲಿ ಮಾರಿ ಸ್ಕಾಲರ್‌ಶಿಪ್ ಕೊಡಿ ಅಂತ ಮಸೂದೆಯೇ ಬಂತು. ಊರಿನವರು, ಹಳೆ ವಿದ್ಯಾರ್ಥಿಗಳು, ಮ್ಯೂಸಿಯಂ ಸಂಘಗಳು ಎದ್ದು ನಿಂತ ಮೇಲೆ ಹಿಂದೆ ಹೋಯಿತು. ಚಿತ್ರ ಹದಿನಾಲ್ಕು ವರ್ಷ ಪರದೇಶಿ ಆಗಿತ್ತು. 2022ರ ಆಗಸ್ಟ್‌ನಲ್ಲಿ ಹೊಸ ಕಟ್ಟಡ ತೆರೆಯಿತು, ಆಗ ಮನೆ ಸೇರಿತು.

ಬ್ರಾಂಡೈಸ್ ಯೂನಿವರ್ಸಿಟಿ ಇನ್ನೂ ಮುಂದೆ ಹೋಗಿತ್ತು. 2009ರ ಜನವರಿಯಲ್ಲಿ, ಷೇರು ಪೇಟೆ ಕುಸಿದಿದ್ದಾಗ, ತನ್ನ ರೋಸ್ ಆರ್ಟ್ ಮ್ಯೂಸಿಯಂ ಮುಚ್ಚಿ ಸಂಗ್ರಹ ಮಾರುತ್ತೇವೆ ಅಂತ ಘೋಷಿಸಿತು. ಮ್ಯೂಸಿಯಂನ ಹಿತೈಷಿಗಳೇ ಕೋರ್ಟಿಗೆ ಹೋದರು. 2011ರಲ್ಲಿ ರಾಜಿ ಆಯಿತು, ಮ್ಯೂಸಿಯಂ ಉಳಿಯಿತು. ಆ ಸಂಗ್ರಹ ಶುರುವಾದ ಬಗೆ ನಿಮಗೆ ಇಷ್ಟ ಆಗಬಹುದು. 1960ರ ದಶಕದ ಆರಂಭದಲ್ಲಿ ಅಲ್ಲಿನ ನಿರ್ದೇಶಕರ ಕೈಯಲ್ಲಿ ಇದ್ದದ್ದು 50,000 ಡಾಲರ್. ಒಂದು ಕೃತಿಗೆ 5,000ಕ್ಕಿಂತ ಜಾಸ್ತಿ ಕೊಡಬಾರದು ಅಂತ ಲೆಕ್ಕ ಹಾಕಿಕೊಂಡು ಆಗಿನ ಹೊಸಬರನ್ನು ಕೊಂಡರು. ಆ ಹೊಸಬರು ಇವತ್ತು ಜಗತ್ತಿಗೇ ಗೊತ್ತಿರುವ ವಾರ್ಹೋಲ್, ಜಾಸ್ಪರ್ ಜಾನ್ಸ್, ರೌಶೆನ್‌ಬರ್ಗ್, ಲಿಕ್ಟೆನ್‌ಸ್ಟೈನ್.

ಈಗ ನಿಮ್ಮ ಲೆಕ್ಕ. ಮಾರಿದ ದುಡ್ಡನ್ನು ಸಂಬಳಕ್ಕೋ ಛಾವಣಿ ರಿಪೇರಿಗೋ ಬಳಸುವ ಹಾಗಿಲ್ಲ ಅಂತ ಅಮೆರಿಕದ ಮ್ಯೂಸಿಯಂ ಸಂಘಗಳ ನಿಯಮ. ಹೊಸ ಕೃತಿ ಕೊಳ್ಳಬಹುದು, ಅಥವಾ ಇರುವ ಕೃತಿಗಳ ನೇರ ಆರೈಕೆಗೆ ಬಳಸಬಹುದು. ಮುರಿದರೆ ಬೇರೆ ಮ್ಯೂಸಿಯಂಗಳು ಸಾಲ ಕೊಡುವುದನ್ನು ನಿಲ್ಲಿಸುತ್ತವೆ, ಬಹಿಷ್ಕಾರ ಹಾಕಿದ ಹಾಗೆ. ಕಾರಣ ಸರಳ. ಒಬ್ಬರು ತಮ್ಮ ಜೀವಮಾನದ ಸಂಗ್ರಹವನ್ನು ನಿಮ್ಮ ಮಕ್ಕಳು ನೋಡಲಿ ಅಂತ ಕೊಟ್ಟರು. ನೀವು ಅದನ್ನು ಬ್ಯಾಂಕ್ ಡೆಪಾಸಿಟ್ ಥರ ಮುರಿದರೆ ಮುಂದಿನವರು ಯಾಕೆ ಕೊಡುತ್ತಾರೆ?

ಲೆಕ್ಕದ_ಮೇಷ್ಟ್ರು

ನಿಯಮ ಇದೆ ಅನ್ನುವುದು ಸಮರ್ಥನೆ ಅಲ್ಲ. ನಿಯಮ ಮಾಡಿದವರೂ ಮ್ಯೂಸಿಯಂನವರೇ. ದೇವಸ್ಥಾನದ ಒಡವೆ ವಿಷಯದಲ್ಲೂ ಇದೇ ಮಾತು ಕೇಳಿದ್ದೇನೆ. ಆದರೂ ಐದು ಸಾವಿರದ ಮಿತಿ ಹಾಕಿಕೊಂಡು ಕೊಂಡವನ ಮೇಲೆ ಗೌರವ ಬಂತು, ಅದನ್ನು ಒಪ್ಪುತ್ತೇನೆ. ಉಗ್ರಾಣದಲ್ಲಿ ಕತ್ತಲಲ್ಲಿ ಇರುವುದರ ಬಗ್ಗೆ ನನ್ನ ತಕರಾರು ಹಾಗೇ ಇದೆ.

ಗೋಂದು_ಬ್ರಷ್

ಕತ್ತಲ ಪರವಾಗಿ ನಾನು ಮಾತಾಡುತ್ತೇನೆ. ಬೆಂಗಳೂರಿನಲ್ಲಿ ಕನ್ಸರ್ವೇಟರ್, ಅಂದರೆ ಕೃತಿಗಳು ಹಾಳಾಗದಂತೆ ಕಾಪಾಡುವವರು; ಕಾಗದ ಮತ್ತು ಕ್ಯಾನ್ವಾಸ್ ನನ್ನ ಕೆಲಸ. ಮೇಲಿನವರು ಹೇಳಿದ "ಮುಟ್ಟಲು ಬಿಡದವರು" ನಮ್ಮ ಜಾತಿಯವರೇ.

ಹಾರ್ವರ್ಡ್‌ನಲ್ಲಿ ಏನಾಯಿತು ನೋಡಿ. ಚಿತ್ರಕಾರ ಮಾರ್ಕ್ ರಾಥ್ಕೊ 1960ರ ದಶಕದಲ್ಲಿ ಆ ಯೂನಿವರ್ಸಿಟಿಗೆ ಅಂತಲೇ ದೊಡ್ಡ ಕ್ಯಾನ್ವಾಸ್‌ಗಳನ್ನು ಮಾಡಿದ. ಐದನ್ನು 1964ರಲ್ಲಿ ಒಂದು ಕಟ್ಟಡದ ಮೇಲಿನ ಮಹಡಿಯ ಊಟದ ಹಾಲಿನಲ್ಲಿ ತೂಗುಹಾಕಿದರು. ದೊಡ್ಡ ದೊಡ್ಡ ಕಿಟಕಿ. ನೋಟ ಚೆನ್ನಾಗಿದೆ ಅಂತ ಪರದೆ ತೆರೆದೇ ಇಡುತ್ತಿದ್ದರು. ರಾಥ್ಕೊ ಬಳಸಿದ್ದ ಲಿಥಾಲ್ ರೆಡ್ ಅನ್ನುವ ಕೆಂಪು ಬಿಸಿಲಿಗೆ ನಿಲ್ಲುವ ಬಣ್ಣ ಅಲ್ಲ. ಕುಂಕುಮದಂತಿದ್ದ ಚಿತ್ರದ ಹಿನ್ನೆಲೆ ಮಂಕಾಗುತ್ತಾ, ಕೆಲವು ಕಡೆ ನೀಲಿಗೆ ತಿರುಗಿತು. 1979ರ ಹೊತ್ತಿಗೆ ಎಲ್ಲ ಇಳಿಸಿ ಉಗ್ರಾಣಕ್ಕೆ ಹಾಕಿದರು. ಹದಿನೈದು ವರ್ಷದ ಬೆಳಕು ಅಷ್ಟು ತಿಂದಿತ್ತು.

ಮೇಲೆ ಬಣ್ಣ ಹಚ್ಚಿ ಸರಿ ಮಾಡಬಹುದಿತ್ತಲ್ಲ ಎನ್ನುತ್ತೀರಿ. ವಾರ್ನಿಶ್ ಇಲ್ಲದ, ಮೈ ತೆರೆದ ಚಿತ್ರ ಅದು. ಒಮ್ಮೆ ಹಚ್ಚಿದರೆ ತೆಗೆಯಲು ಬರುವುದಿಲ್ಲ. 2014ರಲ್ಲಿ ಅವರು ಬೇರೆ ದಾರಿ ಹಿಡಿದರು. ಹಳೆಯ ಬಣ್ಣದ ಫೋಟೋಗಳು ಮತ್ತು ಗೋಡೆಗೆ ಏರದೆ ಉಳಿದಿದ್ದ ಆರನೆಯ ಕ್ಯಾನ್ವಾಸ್ ಇಟ್ಟುಕೊಂಡು ಎಲ್ಲೆಲ್ಲಿ ಎಷ್ಟು ಕೆಂಪು ಹೋಗಿದೆ ಅಂತ ಲೆಕ್ಕ ಹಾಕಿ, ಅಷ್ಟನ್ನೇ ಪ್ರೊಜೆಕ್ಟರ್ ಬೆಳಕಿನಲ್ಲಿ ಕ್ಯಾನ್ವಾಸ್ ಮೇಲೆ ಬಿಟ್ಟರು. ಚಿತ್ರಕ್ಕೆ ಒಂದು ಹನಿ ಬಣ್ಣ ತಾಗಿಸಲಿಲ್ಲ. ದಿನಾ ಸಂಜೆ 4 ಗಂಟೆಗೆ ಪ್ರೊಜೆಕ್ಟರ್ ಆರಿಸುತ್ತಿದ್ದರು. ಆ ಕ್ಷಣಕ್ಕೆ ಕೆಂಪು ಕಳಚಿ ನಿಜವಾದ ಮಂಕು ಮೈ ಕಾಣುತ್ತಿತ್ತು. ಅದನ್ನು ನೋಡಲೆಂದೇ ಜನ ಬರುತ್ತಿದ್ದರಂತೆ.

ಅದಕ್ಕೇ ಕಾಗದದ ಕೃತಿಗೆ 50 ಲಕ್ಸ್ (ಬೆಳಕಿನ ಅಳತೆ) ಬೆಳಕು, ಅದೂ ಮೂರು ನಾಲ್ಕು ತಿಂಗಳು, ಆಮೇಲೆ ವರ್ಷಗಟ್ಟಲೆ ವಿಶ್ರಾಂತಿ ಅನ್ನುವುದು. 50 ಲಕ್ಸ್ ಅಂದರೆ ನಿಮ್ಮ ದೇವರ ಮನೆಯ ಸಣ್ಣ ಬಲ್ಬಿನ ಬೆಳಕು ಅಂದುಕೊಳ್ಳಿ. ಮೇಷ್ಟ್ರೇ, ಕತ್ತಲು ಅಂದರೆ ಸುಮ್ನೆ ಬಚ್ಚಿಟ್ಟದ್ದಲ್ಲ. ಬೆಳಕು ಕೂಡ ಖರ್ಚಿನ ಬಾಬ್ತು.

ಪೊಲಾಕ್ ಚಿತ್ರದ ಬಗ್ಗೆ ಒಂದು ಸೇರಿಸುತ್ತೇನೆ. ಒಂದೇ ರಾತ್ರಿಯಲ್ಲಿ ಬಿಡಿಸಿದ ಅನ್ನುವ ದಂತಕಥೆ ಇದೆಯಲ್ಲ, ಅದು ಸುಳ್ಳು. 2012ರಿಂದ 2014ರವರೆಗೆ ಲಾಸ್ ಏಂಜಲೀಸ್‌ನ ಗೆಟ್ಟಿ ಕಲಾಸಂಸ್ಥೆಯಲ್ಲಿ ಅದನ್ನು ಪರೀಕ್ಷೆ ಮಾಡಿದರು. ಕೆಳಗಿನ ಎಣ್ಣೆಬಣ್ಣ ಒಣಗಿದ ಮೇಲೆ ಮೇಲಿನ ಪದರ ಹಾಕಿದ್ದು ಕಂಡಿತು. ಮನೆಗೋಡೆಗೆ ಬಳಿಯುವ ಬಿಳಿ ಬಣ್ಣವೂ ಸಿಕ್ಕಿತು. ಕ್ಯಾನ್ವಾಸ್ ಜೋತು ಬಿದ್ದಿತ್ತು. 1973ರಲ್ಲಿ ಯಾರೋ ಮೇಣ ಹಾಕಿ ಹಿಂದೆ ಬಟ್ಟೆ ಅಂಟಿಸಿ ಆ ಜೋತನ್ನೇ ಕಾಯಂ ಮಾಡಿಬಿಟ್ಟಿದ್ದರು. ಗೆಟ್ಟಿಯವರು ಚಿತ್ರವನ್ನು ಎಳೆದು ನೇರ ಮಾಡಲಿಲ್ಲ. ಚಿತ್ರದ ಡೊಂಕಿಗೆ ತಕ್ಕಂತೆ ಚೌಕಟ್ಟನ್ನೇ ಡೊಂಕಾಗಿ ಮಾಡಿಸಿದರು. ಇದನ್ನು ಎಲ್ಲಿ ಹೇಳಿದರೂ ನನಗೆ ಖುಷಿ.

ಇನ್ನು ಇವತ್ತಿನ ಕಲೆ ಬಂದರೆ ನಮ್ಮ ಗತಿ ಕೇಳಬೇಡಿ. ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ ಅವರು ಸಗಣಿ, ಕುಂಕುಮ, ಕೂದಲಿನ ಹಗ್ಗ, ಕಾರಿನ ಬಂಪರ್ ಎಲ್ಲ ಬಳಸಿದ್ದಾರೆ. ಕೂದಲು ಮತ್ತು ಬಂಪರಿನ ಆ ದೊಡ್ಡ ಕೃತಿ ಈಗ ಲಂಡನ್ನಿನ ಟೇಟ್ ಮ್ಯೂಸಿಯಂನ ಸಂಗ್ರಹದಲ್ಲಿದೆ. ಕೂದಲಿಗೆ ಹುಳ, ಲೋಹಕ್ಕೆ ತುಕ್ಕು. ಎರಡಕ್ಕೂ ಬೇಕಾದ ಹವೆ ಒಂದೇ ಅಲ್ಲ.

ಸರಸ್ವತಿಪುರಂ_ಹುಡುಗ

ಹೊರದೇಶದ ಮಾತು ಬಿಡಿ. ನಮ್ಮ ಮಾನಸಗಂಗೋತ್ರಿಯಲ್ಲೇ ಯೂನಿವರ್ಸಿಟಿ ಮ್ಯೂಸಿಯಂ ಇದೆಯಲ್ಲ. ಜಯಲಕ್ಷ್ಮಿ ವಿಲಾಸದ ಜಾನಪದ ವಸ್ತುಸಂಗ್ರಹಾಲಯ. 1960ರ ದಶಕದ ಕೊನೆಯಲ್ಲಿ ಶುರುವಾದದ್ದು. ಜೀ.ಶಂ. ಪರಮಶಿವಯ್ಯ ಅವರ ಜೊತೆ ಪಿ.ಆರ್. ತಿಪ್ಪೇಸ್ವಾಮಿ ಊರೂರು ಸುತ್ತಿ ಗೊಂಬೆ, ಕೃಷಿ ಸಲಕರಣೆ, ವೇಷಭೂಷಣ ಎಲ್ಲ ಕೂಡಿಹಾಕಿದರು. ತಿಪ್ಪೇಸ್ವಾಮಿ ಮೂಲತಃ ಚಿತ್ರಕಲಾವಿದರು ಅನ್ನುವುದನ್ನು ಗಮನಿಸಿ. ಆಗ ಕ್ಯುರೇಟರ್ ಅನ್ನುವ ಪದ ನಮ್ಮಲ್ಲಿ ಅಷ್ಟಾಗಿ ಬಳಕೆಯಲ್ಲಿ ಇರಲಿಲ್ಲ.

ಹೈಸ್ಕೂಲಿನಲ್ಲಿದ್ದಾಗ ಕರೆದುಕೊಂಡು ಹೋಗಿದ್ದರು. ಸೋಮ ಭೂತ ಥರದ ದೊಡ್ಡ ಮುಖ ನೋಡಿ ಹಿಂದಿನ ಬೆಂಚಿನ ಹುಡುಗ ಅತ್ತೇಬಿಟ್ಟ. ಅಷ್ಟು ನೆನಪಿದೆ.

ನಾಲ್ಕನೇ_ಮಹಡಿ

ಇದನ್ನು ನಾನೇ ಹೇಳಬೇಕಿತ್ತು. ಹೌದು, ಅದು ಅದೇ ಕೆಲಸ. ತಿರುಗಿ, ಆರಿಸಿ, ಹೊತ್ತು ತಂದು, ಎಲ್ಲಿಂದ ಬಂತು ಅಂತ ಬರೆದಿಡುವುದು.

ಆರಿಸುವುದು ಅಂದಾಗ ನೆನಪಾಯಿತು. ಬೇಡ ಅನ್ನುವುದು ಈ ಕೆಲಸದ ಕಷ್ಟದ ಭಾಗ. ಈ ಮ್ಯೂಸಿಯಂಗೆ ಬರುವ ಮೊದಲು, ಆಗ ಬೇರೆ ಕಡೆ ಇದ್ದೆ, ಹಳೆ ವಿದ್ಯಾರ್ಥಿಯೊಬ್ಬರು ತಮ್ಮ ಅರವತ್ತು ಚಿತ್ರಗಳ ಸಂಗ್ರಹ ಪೂರ್ತಿ ಕೊಡುತ್ತೇನೆ ಎಂದರು. ನಾಲ್ಕು ಚೆನ್ನಾಗಿದ್ದವು. ಉಳಿದವು ಹೋಟೆಲ್ ಲಾಬಿಗೆ ಸರಿ. ನಾಲ್ಕು ಮಾತ್ರ ಸಾಕು ಅಂದೆ. ಅವರಿಗೆ ಬೇಸರವಾಯಿತು. ಅವರು ಯೂನಿವರ್ಸಿಟಿಗೆ ಬೇರೆ ದೇಣಿಗೆಯನ್ನೂ ಕೊಡುವವರಿದ್ದರು, ಮೇಲಿನಿಂದ ಫೋನು ಬಂತು. ಕೊನೆಗೆ ಅರವತ್ತೂ ಬಂದವು. ಐವತ್ತಾರಕ್ಕೆ ಪ್ರತಿ ವರ್ಷ ಜಾಗ, ಪೆಟ್ಟಿಗೆ, ತಪಾಸಣೆ. ಒಂದು ಸಲ ಒಳಗೆ ಬಂದದ್ದನ್ನು ಹೊರಗೆ ಕಳಿಸುವುದು ಡಿವೋರ್ಸ್ ಕೇಸಿಗಿಂತ ಕಷ್ಟ. ಆ ಅಲ್ಮೇರಾ ನೆನೆದರೆ ಇವತ್ತಿಗೂ ಸಿಟ್ಟು ಬರುತ್ತದೆ.

ಮೇಷ್ಟ್ರಿಗೆ ಇನ್ನೊಂದು. ಕತ್ತಲಲ್ಲಿ ಇಡಬಾರದು ಅನ್ನುವವರಿಗೆ ಓಬರ್ಲಿನ್ ಕಾಲೇಜು ಬೇರೆಯೇ ಉತ್ತರ ಕೊಟ್ಟಿದೆ. ಅಲ್ಲಿನ ಎಲೆನ್ ಜಾನ್ಸನ್ ಅನ್ನುವವರು 1940ರಲ್ಲಿ ಶುರು ಮಾಡಿದ್ದು. ಮ್ಯೂಸಿಯಂ ತನ್ನ ಕೆಲವು ನೂರು ಕೃತಿಗಳನ್ನು ವಿದ್ಯಾರ್ಥಿಗಳಿಗೆ ಸೆಮಿಸ್ಟರ್ ಲೆಕ್ಕದಲ್ಲಿ ಬಾಡಿಗೆಗೆ ಕೊಡುತ್ತದೆ. ಬಾಡಿಗೆ 5 ಡಾಲರ್. ಪಿಕಾಸೊ ಪ್ರಿಂಟ್ ಹಾಸ್ಟೆಲ್ ರೂಮಿನ ಗೋಡೆಗೆ ಬರುತ್ತದೆ. ಒಳ್ಳೆಯದು ಸಿಗಲಿ ಅಂತ ಹುಡುಗರು ಹಿಂದಿನ ರಾತ್ರಿಯೇ ಮ್ಯೂಸಿಯಂ ಅಂಗಳದಲ್ಲಿ ಟೆಂಟ್ ಹಾಕಿ ಮಲಗುತ್ತಾರೆ.

ಗೋಂದು_ಬ್ರಷ್

ಹಾಸ್ಟೆಲ್ ರೂಮಿನಲ್ಲಿ ಪಿಕಾಸೊ. ನನಗೆ ಈಗಲೇ ಬೆವರು ಬರುತ್ತಿದೆ.

ಲೆಕ್ಕದ_ಮೇಷ್ಟ್ರು

ಐದು ಡಾಲರ್ ಬಾಡಿಗೆ! ಇದು ನನಗೆ ಹಿಡಿಸಿತು. ನಷ್ಟವೇ ಇರಲಿ.

ಬರೋಡ_ಬಸ್ಸು

ಪ್ರಶ್ನೆ ಕೇಳಿದವರಿಗೆ ದಾರಿ ಯಾರೂ ಹೇಳಲಿಲ್ಲ. ಬರೋಡದ ಎಂ.ಎಸ್. ಯೂನಿವರ್ಸಿಟಿಯಲ್ಲಿ 1952ರಿಂದ ಮ್ಯೂಸಿಯಾಲಜಿ (ಮ್ಯೂಸಿಯಂ ನಡೆಸುವ ವಿದ್ಯೆ) ವಿಭಾಗ ಇದೆ. ನಾನು ಅಲ್ಲಿಯೇ ಓದಿದ್ದು. ಅದೇ ಊರಿನಲ್ಲಿ ಫೈನ್ ಆರ್ಟ್ಸ್ ಫ್ಯಾಕಲ್ಟಿ ಇರುವುದರಿಂದ ಕಲಾ ಇತಿಹಾಸದವರ ಜೊತೆ ಒಡನಾಟ ಸಿಗುತ್ತದೆ. ಕಲ್ಕತ್ತಾ ಯೂನಿವರ್ಸಿಟಿಯಲ್ಲೂ ಮ್ಯೂಸಿಯಾಲಜಿ ಇದೆ. ಮಾಡರ್ನ್ ಕಲೆಯ ಕ್ಯುರೇಟರ್ ಆಗಬೇಕು ಅಂದರೆ ನನ್ನ ಅಭಿಪ್ರಾಯದಲ್ಲಿ ಮ್ಯೂಸಿಯಾಲಜಿಗಿಂತ ಕಲಾ ಇತಿಹಾಸ ಮೊದಲು. ಪೆಟ್ಟಿಗೆ ಕಟ್ಟುವುದನ್ನು ಕೆಲಸದಲ್ಲಿ ಕಲಿಯಬಹುದು. ನೋಡುವುದನ್ನು, ಬರೆಯುವುದನ್ನು ಆಮೇಲೆ ಕಲಿಯುವುದು ಕಷ್ಟ.

ನಾಲ್ಕನೇ_ಮಹಡಿ

ಒಪ್ಪುತ್ತೇನೆ. ಅಮೆರಿಕದಲ್ಲಿ ಈ ಹುದ್ದೆಗೆ ಹೆಚ್ಚಿನ ಕಡೆ ಪಿಎಚ್‌ಡಿ ಕೇಳುತ್ತಾರೆ, ಎಂಎ ಇದ್ದು ಅನುಭವ ಇದ್ದವರೂ ಇದ್ದಾರೆ. ಯೂನಿವರ್ಸಿಟಿಗಳ ಎಚ್-1ಬಿ ವೀಸಾಕ್ಕೆ ವಾರ್ಷಿಕ ಲಾಟರಿ ಮಿತಿ ಇಲ್ಲ, ಅದೊಂದು ಅನುಕೂಲ ಇತ್ತು. ಆದರೆ 2025ರ ಸೆಪ್ಟೆಂಬರ್‌ನಲ್ಲಿ ಹೊಸ ಅರ್ಜಿಗಳ ಮೇಲೆ 1 ಲಕ್ಷ ಡಾಲರ್ ಶುಲ್ಕದ ಆದೇಶ ಬಂತು. ಸಣ್ಣ ಮ್ಯೂಸಿಯಂ ಅಷ್ಟು ಎಲ್ಲಿಂದ ತರುತ್ತದೆ? ಸಂಬಳವೂ ಸಾಫ್ಟ್‌ವೇರ್‌ನವರದಲ್ಲ. ನನ್ನ ತಮ್ಮ ಬೆಂಗಳೂರಲ್ಲಿ ಕೂತು ನನಗಿಂತ ಆರಾಮಾಗಿದ್ದಾನೆ. ಇದನ್ನೂ ಮನೆಯಲ್ಲಿ ಹೇಳಬೇಕಾಗುತ್ತದೆ, ಬೇಕಾದರೆ ಕೊನೆಯಲ್ಲಿ ಹೇಳಿ.

ಕೆಲಸ ಕಲಿಯಲು ಇಲ್ಲಿಗೇ ಬರಬೇಕು ಅಂತಿಲ್ಲ. ನಿಮ್ಮ ಕಾಲೇಜಿನಲ್ಲಿ ಹಳೆ ವಿದ್ಯಾರ್ಥಿಗಳ ಕೃತಿ ಏನಾದರೂ ಇಟ್ಟಿದ್ದಾರಾ? ಹೋಗಿ ನೋಡಿ.

ಬಣ್ಣದ_ಡಬ್ಬಿ

ಒಂದು ವಾರ ಆಯಿತು, ಕ್ಷಮಿಸಿ. ನೋಡಿದೆ. ಅದಕ್ಕೇ ತಡವಾಯಿತು.

ನಮ್ಮ ಪ್ರಿಂಟ್ ಸ್ಟುಡಿಯೋ ಹಿಂದೆ ಒಂದು ಸ್ಟೀಲ್ ಅಲ್ಮೇರಾ ಇದೆ. ಬೀಗದ ಕೈ ಅಟೆಂಡರ್ ಹತ್ತಿರ ಇತ್ತು, ಅವರಿಗೂ ಯಾವ ಕೈ ಅಂತ ಗೊತ್ತಿರಲಿಲ್ಲ. ಹನ್ನೊಂದು ಕೈ ಹಾಕಿ ನೋಡಿದ ಮೇಲೆ ತೆಗೆಯಿತು. ಮೇಲಿನ ಎರಡು ಖಾನೆಯಲ್ಲಿ ಹಳೆ ಹಾಜರಿ ಪುಸ್ತಕ. ಕೆಳಗಿನದರಲ್ಲಿ ಪ್ರಿಂಟ್‌ಗಳು. ಎಚಿಂಗ್, ಲಿನೋ, ಮರದಚ್ಚು. ನ್ಯೂಸ್‌ಪೇಪರಿನಲ್ಲಿ ಸುತ್ತಿ, ಮೇಲೆ ಬೇವಿನ ಸೊಪ್ಪು ಉದುರಿಸಿದ್ದಾರೆ, ಎಲ್ಲ ಪುಡಿಯಾಗಿದೆ. ಪೇಪರಿನ ತಾರೀಖು 1983. ಎಣಿಸಿದೆ, 47 ಹಾಳೆ. ಹೊರಗಿನ ಹಾಳೆಗಳು ಕಂದು ಬಣ್ಣಕ್ಕೆ ತಿರುಗಿವೆ. ಮಧ್ಯದ ಐದಾರು ಹಾಳೆಗೆ ನ್ಯೂಸ್‌ಪೇಪರ್ ಅಂಟಿಕೊಂಡಿದೆ. ಒಂದರ ಮೂಲೆ ಹಿಡಿದು ಸ್ವಲ್ಪ ಎಳೆದೆ, ಚರ್ ಅಂತು. ಬಿಟ್ಟುಬಿಟ್ಟೆ. ಈಗ ಏನು ಮಾಡಲಿ?

ಗೋಂದು_ಬ್ರಷ್

ಬಿಟ್ಟದ್ದು ಒಳ್ಳೆಯದಾಯಿತು. ಇನ್ನು ಎಳೆಯಬೇಡಿ, ನೀರು ತಾಗಿಸಬೇಡಿ, ಸೆಲೋ ಟೇಪ್ ಹತ್ತಿರವೂ ತರಬೇಡಿ. ಅಂಟಿದ ಹಾಳೆಗಳನ್ನು ಅಂಟಿದ ಹಾಗೇ ಬೇರೆ ಇಡಿ. ಬಿಡಿ ಹಾಳೆಗಳಿಂದ ನ್ಯೂಸ್‌ಪೇಪರ್ ತೆಗೆಯಿರಿ, ಅದರ ಆಮ್ಲವೇ ಈ ಕಂದು ಬಣ್ಣಕ್ಕೆ ಕಾರಣ. ಆದರೆ 1983ರ ತಾರೀಖಿರುವ ಆ ಪುಟ ಎಸೆಯಬೇಡಿ, ಫೋಟೋ ತೆಗೆದಿಡಿ, ಯಾವಾಗ ಕಟ್ಟಿಟ್ಟರು ಅನ್ನುವುದಕ್ಕೆ ಅದೇ ಸಾಕ್ಷಿ. ಬೇವಿನ ಪುಡಿಯನ್ನು ಮೆತ್ತನೆಯ ಒಣ ಬ್ರಷ್‌ನಲ್ಲಿ ನಿಧಾನವಾಗಿ ಮಧ್ಯದಿಂದ ಅಂಚಿಗೆ ಗುಡಿಸಿ. ನಡುವೆ ಹಾಕಲು ಆಮ್ಲ ಇಲ್ಲದ ತೆಳು ಕಾಗದ ಸಿಗುತ್ತದೆ. ಅದು ಬರುವ ತನಕ, ತೊಳೆದು ತೊಳೆದು ಮೆತ್ತಗಾದ ಬಿಳಿ ಹತ್ತಿ ಬಟ್ಟೆ ನಡೆಯುತ್ತದೆ.

ಅಂಟಿದ್ದಕ್ಕೆ ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಆವರಣದಲ್ಲಿ ಇಂಟ್ಯಾಕ್ ಅನ್ನುವ ಪರಂಪರೆ ಉಳಿಸುವ ಸಂಸ್ಥೆಯ ಸಂರಕ್ಷಣಾ ಕೇಂದ್ರ ಇದೆ, ಕೇಳಿ ನೋಡಿ. ಮೈಸೂರಿನಲ್ಲೂ ಕೇಂದ್ರ ಸರ್ಕಾರದ ಪ್ರಾದೇಶಿಕ ಪ್ರಯೋಗಾಲಯ ಇದೆ.

ನಾಲ್ಕನೇ_ಮಹಡಿ

ಇವತ್ತೇ ಪಟ್ಟಿ ಶುರು ಮಾಡಿ. ಪ್ರತಿ ಹಾಳೆಗೂ ಒಂದು ನಂಬರ್. ನಮ್ಮಲ್ಲಿ ಬಂದ ವರ್ಷ, ಚುಕ್ಕೆ, ಆ ವರ್ಷದ ಎಷ್ಟನೆಯ ಕಂತು, ಚುಕ್ಕೆ, ಕಂತಿನಲ್ಲಿ ಎಷ್ಟನೆಯದು, ಹಾಗೆ ಹಾಕುತ್ತೇವೆ. ನಿಮ್ಮದು 1, 2, 3 ಆದರೂ ಸಾಕು. ಹಿಂಬದಿಯ ಕೆಳಮೂಲೆಯಲ್ಲಿ, ಮೆತ್ತನೆಯ ಪೆನ್ಸಿಲ್, ಒತ್ತಬಾರದು. ಅಳತೆ, ಯಾವ ಮಾಧ್ಯಮ, ಸಹಿ ಇದೆಯಾ, ಏನು ಹಾನಿ ಆಗಿದೆ. ಮುಂದಿನದು ಎರಡೂ ಬದಿಯ ಫೋಟೋ.

ಪ್ರಿನ್ಸಿಪಾಲರಿಗೆ ಒಂದು ಪತ್ರ ಕೊಟ್ಟು ಒಪ್ಪಿಗೆ ತಗೊಳ್ಳಿ. ಆಮೇಲೆ ಬೀಗ ಒಡೆದ ಅನ್ನುವ ಮಾತು ಬೇಡ.

ಬಣ್ಣದ_ಡಬ್ಬಿ

ಪತ್ರ ಕೊಟ್ಟೆ. ಸರ್ ಸಹಿ ಹಾಕಿ "ನಮ್ಮಲ್ಲಿ ಇದೆಲ್ಲ ಇತ್ತಾ" ಅಂದರು.

ನಾಳೆ ಸೆಕೆಂಡ್ ಇಯರ್ ಮಕ್ಕಳಿಗೆ ಕ್ಲಾಸ್ ಇದೆ. ಬಿಡಿ ಹಾಳೆಗಳಲ್ಲಿ ಆರು ಮೇಜಿನ ಮೇಲೆ ಇಡೋಣ ಅಂತ. ಹತ್ತು ನಿಮಿಷ ಮಾತಾಡದೆ ಕೂರುತ್ತಾರೋ ಇಲ್ಲವೋ ಗೊತ್ತಿಲ್ಲ. 31ನೇ ನಂಬರಿನದು ಮರದಚ್ಚು, ಬಸ್ ಸ್ಟ್ಯಾಂಡಿನಲ್ಲಿ ಮಲಗಿದ ಇಬ್ಬರು. ಎಷ್ಟು ಚೆನ್ನಾಗಿ ಕೆತ್ತಿದ್ದಾರೆ ಅಂದರೆ ಒಬ್ಬನ ಚಪ್ಪಲಿಯ ಹರಿದ ಉಂಗುಷ್ಟ ಕೂಡ ಕಾಣುತ್ತದೆ. ಸಹಿ ಇಲ್ಲ, ಹೆಸರಿಲ್ಲ.

ನಾಲ್ಕನೇ_ಮಹಡಿ

ಹಾಜರಿ ಪುಸ್ತಕ ಎಸೆದಿಲ್ಲ ತಾನೇ? 1983ರದು ಹುಡುಕಿ. ಆ ವರ್ಷ ಪ್ರಿಂಟ್‌ಮೇಕಿಂಗ್ ತಗೊಂಡವರು ಎಷ್ಟು ಜನ ಇದ್ದಾರು, ಹತ್ತು ಹನ್ನೆರಡು?

ಬಣ್ಣದ_ಡಬ್ಬಿ

ಒಂಬತ್ತು. ಇಬ್ಬರು ಇದೇ ಊರಿನವರು, ಒಬ್ಬರ ಫ್ಲೆಕ್ಸ್ ಅಂಗಡಿ ಬಸ್ ಸ್ಟ್ಯಾಂಡ್ ಪಕ್ಕದಲ್ಲೇ ಇದೆ. 31ರ ಫೋಟೋ ಮೊಬೈಲ್‌ಗೆ ಹಾಕಿಕೊಂಡಿದ್ದೇನೆ. ಕ್ಲಾಸ್ ಮುಗಿಸಿ ಹೋಗಿ ಬರುತ್ತೇನೆ.